ಮುಖ ಕಾಣುವ ಒಂದು ಚಿತ್ರ

ಕೊರಳಿನಿಂದ ತೂಗುತ್ತಿದ್ದ ಆ ಕಾರ್ಡೇ ಚೌಕಟ್ಟನ್ನು ಕೆಡಿಸುತ್ತಿತ್ತು. ಹಲಸೂರಿನ ಸೋಮೇಶ್ವರನ ಗುಡಿಯ ಮಂಟಪದಲ್ಲಿ, ಎರಡು ಕಂಬಗಳ ನಡುವೆ, ಬೆಳಗಿನ ಬಿಸಿಲಿಗೆ ಓರೆಯಾಗಿ ಕುಳಿತಿದ್ದ ವಿಮಲಾಕ್ಷಿ ಮೊಬೈಲಿನ ಪರದೆಯ ಮೇಲೆ ಒಂದೇ ಎಳೆತದಲ್ಲಿ ಬರೆದ ಕಪ್ಪು ಗೆರೆಯಂತೆ ಕಾಣುತ್ತಿದ್ದಳು. ಆ ಗೆರೆಯ ಎದೆಯ ಬಳಿ ಪ್ಲಾಸ್ಟಿಕ್ಕಿನ ಚೌಕವೊಂದು ಮತ್ತೆ ಮತ್ತೆ ಮಿಂಚುತ್ತಿತ್ತು. ಅವಳ ಹೆಸರು, ಗಂಡನ ಫೋನ್ ನಂಬರು, ದಯವಿಟ್ಟು ಕರೆ ಮಾಡಿ ಎಂಬ ಕೋರಿಕೆ. ಮರೆವಿನ ಕಾಯಿಲೆ ಹೆಚ್ಚಾದ ಮೇಲೆ ಶಿವಶಂಕರಪ್ಪನವರೇ ಅದನ್ನು ಬರೆದು, ಲ್ಯಾಮಿನೇಟ್ ಮಾಡಿಸಿ, ದಾರ ಪೋಣಿಸಿ ಹೆಂಡತಿಯ ಕೊರಳಿಗೆ ಹಾಕಿದ್ದರು.

“ಒಂದ್ನಿಮಿಷ ವಿಮಲಾ, ಇದನ್ನ ತೆಗೀತೀನಿ. ಫೋಟೋ ಆದ್ಮೇಲೆ ಮತ್ತೆ ಹಾಕ್ಕೊಳ್ಳೋಣ.”

“ಸ್ಕೂಲಿಗೆ ಹೊತ್ತಾಯ್ತಲ್ಲ ರೀ,” ಎಂದಳು ಅವಳು.

“ಆಗ್ಲಿ, ಆಗ್ಲಿ. ಮುಖ ಆ ಕಡೆ ತಿರುಗಿಸು. ಇನ್ನೂ ಸ್ವಲ್ಪ. ಹಾಂ.”

ಚಿತ್ರ ಚೆನ್ನಾಗಿ ಬಂತು. ಕಾರ್ಡನ್ನು ಅಂಗಿಯ ಜೇಬಿಗೆ ಸೇರಿಸಿ, ಇಂಥ ಬೆಳಕು ಬಹಳ ಹೊತ್ತು ನಿಲ್ಲುವುದಿಲ್ಲವೆಂದು ಅವಸರಪಟ್ಟು, ಹಿಂದಿನ ಸಾಲಿನ ಕಂಬಗಳ ನೆರಳು ಕಲ್ಲುಹಾಸಿನ ಮೇಲೆ ಮಲಗಿರುವುದನ್ನು ತೆಗೆಯಲು ಅವರು ಹೋದರು. ನೆರಳಿನ ತುದಿ ಪರದೆಯ ಮೇಲಿನ ಸಣ್ಣ ಗೆರೆಗಳು ಕೂಡುವಲ್ಲಿಗೆ ಸರಿಯಾಗಿ ಬರಲೆಂದು ಮಂಡಿಯೂರಿದರು, ಎದ್ದರು, ಮತ್ತೆ ಮಂಡಿಯೂರಿದರು. ತೃಪ್ತಿಯಾದ ಮೇಲೆ ತಿರುಗಿ ನೋಡಿದರು. ಎರಡು ಕಂಬಗಳ ನಡುವೆ ಬೆಳಕು ಹಾಗೆಯೇ ಇತ್ತು. ಅವಳಿರಲಿಲ್ಲ.

ಗುಡಿಯ ಸುತ್ತ ಒಮ್ಮೆ ನಡೆದರು, ಮತ್ತೊಮ್ಮೆ ಓಡಿದರು. ಬಾಗಿಲಲ್ಲಿ ಚಪ್ಪಲಿ ಕಾಯುತ್ತಿದ್ದ ಹೆಂಗಸು, “ಹೋದ್ರಲ್ಲ ಸ್ವಾಮಿ, ಆಗ್ಲೇ. ಚಪ್ಪಲಿ ಮೆಟ್ಕೊಂಡು ಬಿರಬಿರನೆ ಹೋದ್ರು. ನೀವ್ ಹಿಂದೆ ಬರ್ತೀರ ಅನ್ಕೊಂಡೆ,” ಎಂದಳು. ಮನೆ ಅಲ್ಲಿಂದ ಎರಡು ಬೀದಿಯಾಚೆ. ಹೋಗಿ ನೋಡಿದರೆ ಬೀಗ ಹಾಕಿದ ಹಾಗೆಯೇ ಇತ್ತು. ಕೆಳಗಿನ ಮನೆಯ ಚಾಂದ್ ಬೀ ಮೆಟ್ಟಿಲ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಿದ್ದಳು.

“ಇಬ್ರೂ ಒಟ್ಟಿಗೆ ಹೋದ್ರಲ್ಲ ಭಾಯ್‌ಸಾಬ್? ನೀವ್ ಒಬ್ರೇ ಬಂದ್ರಾ?”

ಅವರು ಮತ್ತೆ ಬೀದಿಗೆ ಇಳಿದರು.

ಶಿವಶಂಕರಪ್ಪ ದೂರವಾಣಿ ಇಲಾಖೆಯಿಂದ ನಿವೃತ್ತರಾದವರು. ಮಕ್ಕಳಿರಲಿಲ್ಲ. ವಿಮಲಾಕ್ಷಿ ಗರುಡಾಚಾರ್‌ಪಾಳ್ಯದ ಕಡೆ ಒಂದು ಶಾಲೆಯಲ್ಲಿ ಬಹುಕಾಲ ಪಾಠ ಹೇಳಿದವಳು. ಅವಳ ನೆನಪು ಅಂಚುಗಳಿಂದ ಸವೆಯತೊಡಗಿದಾಗ, ಮನೆಯೊಳಗಿನ ಮೌನವನ್ನು ತಡೆಯಲಾರದೆ, ಅವರು ಭಾನುವಾರಗಳಂದು ನಡೆಯುತ್ತಿದ್ದ ಒಂದು ತರಗತಿಗೆ ಸೇರಿದ್ದರು. ಶಿವಾಜಿನಗರದಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ಇನಾಯತ್ ಉಲ್ಲಾ ಅಲ್ಲಿ ಹಿರಿಯರಿಗೆ ಮೊಬೈಲಿನಲ್ಲಿ ಒಳ್ಳೆಯ ಚಿತ್ರ ತೆಗೆಯುವುದನ್ನು ಕಲಿಸುತ್ತಿದ್ದ. ಮೊದಲು ಲೆನ್ಸ್ ಒರೆಸಿ. ಜೂಮ್ ಮಾಡ್ಬೇಡಿ, ನಾಲ್ಕು ಹೆಜ್ಜೆ ಹತ್ತಿರ ಹೋಗಿ. ಪರದೆಯ ಮೇಲೆ ಬೆರಳಿಟ್ಟು ಬೆಳಕನ್ನು ಇಳಿಸಿ. ಮನುಷ್ಯರಾದ್ರೆ ಕಣ್ಣಿಗೆ ಫೋಕಸ್ ಕೊಡಿ. ಎಲ್ಲವನ್ನೂ ಶಿವಶಂಕರಪ್ಪ ಶ್ರದ್ಧೆಯಿಂದ ಕಲಿತರು, ಕೊನೆಯದೊಂದನ್ನು ಬಿಟ್ಟು. ಯೌವನದಿಂದಲೂ ಹೊಸ ಕವಿತೆಯನ್ನು ಓದಿಕೊಂಡು ಬಂದ ಅವರಿಗೆ, ಮುಖ ತೋರಿಸುವುದು ವರದಿ, ಮುಖ ಮರೆಸುವುದು ಕವಿತೆ ಎನಿಸುತ್ತಿತ್ತು. ಹೀಗೆ ವಿಮಲಾಕ್ಷಿ ಒಂದೊಂದೇ ಭಾಗವಾಗಿ ಫೋನಿನೊಳಗೆ ಸೇರಿದಳು: ಲೋಟ ಹಿಡಿದ ಬೆರಳು, ಒಣಗಿದ ಸೀರೆಯ ಮೇಲೆ ಬಿದ್ದ ನೆರಳು, ಕಿಟಕಿಯ ಎದುರಿನ ಬೆನ್ನು, ಮಂಜುಗಟ್ಟಿದ ಗಾಜಿನಾಚೆಯ ಬಣ್ಣದ ಕಲೆ. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆಗಳು ಸುರಿಯುತ್ತಿದ್ದವು.

ಠಾಣೆಯ ಕಾನ್‌ಸ್ಟೇಬಲ್ ಸಮಾಧಾನದ ಮನುಷ್ಯ. ಕೂರಿಸಿ, ನೀರು ಕೊಟ್ಟು, “ಒಂದ್ ಫೋಟೋ ಕೊಡಿ ಸಾರ್, ಎಲ್ಲಾ ಕಡೆ ಕಳಿಸ್ತೀವಿ,” ಎಂದ.

ಚಿತ್ರಗಳಿಗೇನು ಬರ. ಶಿವಶಂಕರಪ್ಪ ಫೋನು ತೆರೆದು ಸರಿಸತೊಡಗಿದರು. ಬೆರಳು. ನೆರಳು. ಬೆನ್ನು. ಕಂಬಗಳ ನಡುವಿನ ಕಪ್ಪು ಗೆರೆ. ಸರಿಸಿದಷ್ಟೂ ಅವರ ಕೈ ವೇಗವಾಯಿತು. ಹಿಂದೆ ಹಿಂದೆ ಹೋದರೂ, ಹೆಂಡತಿ ಎಲ್ಲಿಯೂ ತಮ್ಮ ಕಡೆ ತಿರುಗಿ ನೋಡುತ್ತಿರಲಿಲ್ಲ.

“ಚೆನ್ನಾಗಿದೆ ಸಾರ್, ಕ್ಯಾಲೆಂಡರಿಗೆ ಹಾಕ್ಬಹುದು,” ಎಂದ ಕಾನ್‌ಸ್ಟೇಬಲ್. “ಆದ್ರೆ ಇವ್ರು ಎದುರಿಗೆ ಬಂದು ನಿಂತ್ರೂ ನಂಗೆ ಗೊತ್ತಾಗಲ್ವಲ್ಲ. ಮುಖ ಕಾಣೋದು ಒಂದು ಕೊಡಿ.”

ಒಂದು ಸಿಕ್ಕಿತು. ದೀಪಾವಳಿಯಂದು ಹಣತೆಯ ಬೆಳಕಿನಲ್ಲಿ ತೆಗೆದದ್ದು. ಆದರೆ ಫೋನು ತನ್ನಷ್ಟಕ್ಕೇ ಚರ್ಮವನ್ನು ನುಣುಪು ಮಾಡುವ ಒಂದು ಗುಣವನ್ನು ಇಟ್ಟುಕೊಂಡಿತ್ತು. ಅದನ್ನು ಅವರು ಎಂದೂ ಆಫ್ ಮಾಡಿರಲಿಲ್ಲ. ಚಿಕ್ಕಂದಿನ ಸಿಡುಬಿನ ಗುಳಿಗಳು, ಬಾಯಿಯ ಸುತ್ತಲಿನ ಸುಕ್ಕು, ಕಣ್ಣಿನ ಕೆಳಗಿನ ಕಪ್ಪು ಎಲ್ಲವೂ ಅಳಿಸಿ, ಮೇಣದಿಂದ ಮಾಡಿದ ಯಾವಳೋ ಒಬ್ಬಳು ಅಲ್ಲಿ ನಗುತ್ತಿದ್ದಳು.

“ವಯಸ್ಸು ಎಷ್ಟು ಅಂದ್ರಿ?”

“ಎಪ್ಪತ್ತು ದಾಟಿದೆ.”

“ಇವ್ರಿಗೆ ನಲವತ್ತೂ ಆಗಿಲ್ವಲ್ಲ ಸಾರ್! ಆಧಾರ್ ಇದ್ಯಾ?”

ಆಧಾರಿನಲ್ಲಿದ್ದವಳು ಮತ್ತೊಬ್ಬಳು. ತುಂಬಿದ ಕೆನ್ನೆ, ಕಪ್ಪು ಕೂದಲು, ಕಾಯಿಲೆ ಮುಟ್ಟದ ಮೈ. ಕಾನ್‌ಸ್ಟೇಬಲ್ ಆ ಚಿತ್ರವನ್ನೂ ಈ ಚಿತ್ರವನ್ನೂ ಹತ್ತಿರ ಹಿಡಿದು ನೋಡಿ, ಎರಡನ್ನೂ ತೆಗೆದುಕೊಂಡ. ಸುದ್ದಿ ಕೇಳಿ ಸ್ಕೂಟರಿನಲ್ಲಿ ಬಂದ ಇನಾಯತ್ ಉಲ್ಲಾ ಬಾಗಿಲಲ್ಲೇ ನಿಂತು ಫೋನು ಇಸಿದುಕೊಂಡ.

“ಸರ್, ಆ ಬ್ಯೂಟಿ ಅನ್ನೋದನ್ನ ಆಫ್ ಮಾಡಿ ಅಂತ ಮೊದಲ್ನೇ ಕ್ಲಾಸಲ್ಲೇ ಹೇಳಿದ್ನಲ್ಲ.”

“ಅದು ಇದೆ ಅಂತಾನೇ ಗೊತ್ತಿರ್ಲಿಲ್ಲ ಇನಾಯತ್.”

“ಹೋಗ್ಲಿ ಬಿಡಿ. ಸೀರೆ ಯಾವ ಬಣ್ಣ?”

“ಹಸಿರು. ಕೆಂಪು ಅಂಚು. ಹಸಿರೇ ಇರಬೇಕು.” ಬೆಳಗಿನ ಚಿತ್ರವನ್ನು ತೆರೆದು ನೋಡಿದರು. ಅಲ್ಲಿ ಸೀರೆಗೆ ಬಣ್ಣವಿರಲಿಲ್ಲ.

ಇನಾಯತ್ ಉಲ್ಲಾ ಅಲ್ಲೇ ನಿಂತು ನಾಲ್ಕು ಸಾಲು ಬರೆದ. ಮೇಣದ ಮುಖ, ಕಪ್ಪು ಗೆರೆ, ಕೆಂಪು ಅಂಚಿನ ಹಸಿರು ಸೀರೆ, ನೆನಪಿನ ತೊಂದರೆ, ಫೋನ್ ನಂಬರು. ಅದು ಗುಂಪಿನಿಂದ ಗುಂಪಿಗೆ, ಫ್ರೇಜರ್ ಟೌನಿನಿಂದ ಸಿ.ವಿ. ರಾಮನ್ ನಗರಕ್ಕೆ, ಅಪಾರ್ಟ್‌ಮೆಂಟುಗಳ ಗುಂಪುಗಳಿಗೆ ಹಾರಿತು. ಮೊದಲು ಬಂದ ಉತ್ತರಗಳೆಲ್ಲ ಪ್ರಾರ್ಥಿಸುವ ಕೈಗಳ ಚಿತ್ರಗಳು. ಒಬ್ಬ ಮಾತ್ರ, ತಿಳಿಯದೆ, ಅದ್ಭುತ ಸಂಯೋಜನೆ ಸರ್ ಎಂದು ಬರೆದಿದ್ದ. ಆಮೇಲೆ ಯಾರೋ ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಹಸಿರು ಸೀರೆಯ ಮುದುಕಿಯನ್ನು ಕಂಡೆನೆಂದರು.

ಇನಾಯತ್ ಉಲ್ಲಾನ ಹಿಂದೆ ಕುಳಿತು ಅವರು ಶಿವಾಜಿನಗರಕ್ಕೆ ಹೋದರು. ನಿಲ್ದಾಣದಲ್ಲಿ ಬಸ್ಸುಗಳ ಹೊಗೆಯ ನಡುವೆ ಒಬ್ಬೊಬ್ಬರಿಗೂ ಫೋನು ತೋರಿಸಿದರು. ಹಣ್ಣು ಮಾರುವವನು ಕಣ್ಣು ಕಿರಿದು ಮಾಡಿ, “ಯಾರ್ ಅಜ್ಜಾ ಇದು, ಸೀರಿಯಲ್ಲಲ್ಲಿ ಬರ್ತಾರಾ?” ಎಂದ. ಪಕ್ಕದವನು ನಕ್ಕ. ಅವರಿಬ್ಬರಲ್ಲಿ ಕೇಡಿರಲಿಲ್ಲ. ಶಿವಶಂಕರಪ್ಪ ಫೋನನ್ನು ಮುಂದಿನವನ ಕಡೆ ಚಾಚಿದರು. ಹಸಿರು ಸೀರೆಯ ಮುದುಕಿಯರು ಎಷ್ಟೋ ಜನ ಸಿಕ್ಕರು. ಪ್ರತಿಯೊಬ್ಬಳೂ ಹಿಂದಿನಿಂದ ವಿಮಲಾಕ್ಷಿಯಾಗಿದ್ದಳು, ಮುಂದಿನಿಂದ ಮತ್ತೊಬ್ಬಳು.

ಬಿಸಿಲು ನೆತ್ತಿಗೇರಿದಾಗ ಫೋನು ಸದ್ದು ಮಾಡಿತು. ಗುರುತಿಲ್ಲದ ನಂಬರಿನಿಂದ ಒಂದು ಚಿತ್ರ. ಕೆಳಗೆ, ‘ಸರ್, ನಾನು ಪ್ರವೀಣ. ಕೆ.ಆರ್. ಪುರದ ತೂಗುಸೇತುವೆ ಹತ್ತಿರ ಬಸ್‌ಸ್ಟಾಪಲ್ಲಿ ಇದ್ದೀನಿ. ಇವರೇನಾ ನೋಡಿ. ಹೆಸರು ಕೇಳಿದ್ರೆ ಹೇಳ್ತಿಲ್ಲ.’

ಚಿತ್ರವನ್ನು ತೆರೆದರು. ನಿಂತವನೊಬ್ಬ ಕುಳಿತವಳ ಮೇಲಿನಿಂದ ತೆಗೆದದ್ದು. ಅಡ್ಡಾದಿಡ್ಡಿ ಚೌಕಟ್ಟು, ಮೂಲೆಯಲ್ಲಿ ಯಾರದೋ ಬೂಟು. ನೆತ್ತಿಯ ಬಿಸಿಲು ಕಣ್ಣಿನ ಗುಳಿಗಳಲ್ಲಿ ಕತ್ತಲು ತುಂಬಿತ್ತು. ಕೂದಲು ಬಿಚ್ಚಿದ, ಬಾಯಿ ಅರ್ಧ ತೆರೆದ, ಕೆನ್ನೆಯೆಲ್ಲ ಯಾರೋ ಉಗುರಿನಿಂದ ಒತ್ತಿದಂತೆ ಗುಳಿಬಿದ್ದ ಒಬ್ಬ ಮುದುಕಿ, ಹೊಡೆಯಲು ಬಂದವರನ್ನು ನೋಡುವ ಹಾಗೆ ನೋಡುತ್ತಿದ್ದಳು. ಧೂಳು ಹಿಡಿದ ಸೀರೆ ಬೂದಿಯೋ ಹಸಿರೋ ತಿಳಿಯುತ್ತಿರಲಿಲ್ಲ.

ಅಷ್ಟು ಕುರೂಪವಾದ ಚಿತ್ರವನ್ನು ಅವರು ಇತ್ತೀಚೆಗೆ ಕಂಡಿರಲಿಲ್ಲ. ಪಾಪ, ಯಾರ ಮನೆಯವಳೋ ಎಂದುಕೊಂಡರು.

“ಏನ್ ಸರ್, ಅವ್ರೇನಾ?” ಇನಾಯತ್ ಉಲ್ಲಾ ಬಗ್ಗಿ ನೋಡಿದ. ಅವನು ವಿಮಲಾಕ್ಷಿಯನ್ನು ಕಂಡದ್ದು ಗುಂಪಿಗೆ ಬರುತ್ತಿದ್ದ ಚಿತ್ರಗಳಲ್ಲಿ ಮಾತ್ರ.

“ಅಲ್ಲ. ಇವಳಲ್ಲ.”

“ಸರಿಯಾಗಿ ನೋಡಿ.”

“ನನ್ನ ಹೆಂಡ್ತಿ ನನಗೆ ಗೊತ್ತಿಲ್ವೇನಪ್ಪಾ?” ಎಂದರು ಅವರು, ತುಸು ಗಡುಸಾಗಿಯೇ. ಮತ್ತು ‘ಅಲ್ಲ, ವಂದನೆಗಳು’ ಎಂದು ಬರೆದು ಕಳಿಸಿದರು.

ಮಧ್ಯಾಹ್ನವೆಲ್ಲ ಹೀಗೆಯೇ ಸವೆಯಿತು. ಇನಾಯತ್ ಉಲ್ಲಾ ಆಸ್ಪತ್ರೆಗಳ ಕಡೆ ವಿಚಾರಿಸಲು ಹೋದ. ಒಂದು ವೇಳೆ ಮನೆಗೆ ಬಂದಿದ್ದರೆ ಎಂಬ ಆಸೆ ಎಳೆದು, ಶಿವಶಂಕರಪ್ಪ ಹಲಸೂರಿಗೆ ಮರಳಿದರು. ಬೀಗ ಹಾಗೆಯೇ ಇತ್ತು. ಕೆಳಗಿಳಿದು ಬಂದು ಮೆಟ್ಟಿಲ ಮೇಲೆ ಕುಳಿತರು. ಜೇಬಿನಲ್ಲಿದ್ದ ಕಾರ್ಡಿನ ಅಂಚು ಪಕ್ಕೆಗೆ ಒತ್ತುತ್ತಿತ್ತು; ಅದನ್ನು ತೆಗೆದು ನೋಡುವ ಧೈರ್ಯ ಅವರಿಗಿರಲಿಲ್ಲ. ಚಾಂದ್ ಬೀ ತಂದಿಟ್ಟ ಚಹಾ ಕೆನೆಗಟ್ಟಿತು.

ಚಾಂದ್ ಬೀಯ ಮಗಳು ನಾಜಿಶ್ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವಳು. ಪಾಠ ಮುಗಿದದ್ದೇ ಓಡಿಬಂದಿದ್ದಳು. ಯಾವ ಯಾವ ಕಡೆಯಿಂದ ಸುದ್ದಿ ಬಂದಿದೆ ನೋಡೋಣ ಎಂದು ಅವರ ಫೋನು ತೆಗೆದುಕೊಂಡು ಸಂದೇಶಗಳನ್ನು ಸರಿಸುತ್ತಿದ್ದವಳು, ತಟ್ಟನೆ ಮುಖವರಳಿಸಿದಳು.

“ಅಯ್ಯೋ ಅಂಕಲ್, ಆಂಟಿ ಸಿಕ್ಕಿದ್ದಾರಲ್ಲ! ಮತ್ತೆ ಯಾಕೆ ಹೀಗೆ ಕೂತಿದ್ದೀರ?”

“ಎಲ್ಲಿ?”

“ಇಲ್ಲಿ. ಕೆ.ಆರ್. ಪುರದಲ್ಲಿ.”

“ಅದು ಬೇರೆ ಯಾರೋ ನಾಜಿಶ್. ನೋಡಿದೆ ನಾನು.”

ಅವಳು ಅವರ ಮುಖವನ್ನೂ ಫೋನನ್ನೂ ನೋಡಿದಳು. “ಅಂಕಲ್, ಆಂಟಿನೇ ಇದು. ದಿನಾ ಈ ಮೆಟ್ಟಿಲ ಮೇಲೆ ನೋಡ್ತೀನಿ. ಅಮ್ಮಿ, ನೀನ್ ನೋಡು.”

ಚಾಂದ್ ಬೀ ಕೈಯೊರೆಸಿಕೊಂಡು ಬಂದು, ನೋಡಿದ ಕ್ಷಣವೇ, “ಹಾಯ್ ಅಲ್ಲಾ, ವಿಮಲಾ ಬಾಜಿ!” ಎಂದು ಕೆನ್ನೆಗೆ ಕೈಹಚ್ಚಿಕೊಂಡಳು. “ಎಷ್ಟು ಹೆದರ್ಕೊಂಡಿದ್ದಾರೆ.”

ಶಿವಶಂಕರಪ್ಪ ಫೋನನ್ನು ಕೈಗೆ ತೆಗೆದುಕೊಂಡರು. ಎರಡು ಬೆರಳಿನಿಂದ ಹಿಗ್ಗಿಸಿದರು. ಮೂಗಿನ ಪಕ್ಕದ ಆಳವಾದ ಗುಳಿ. ಮದುವೆಯ ಮೊದಲ ದಿನಗಳಲ್ಲಿ, ನಾಚುತ್ತಾ, ಅವರು ಬೆರಳಿಟ್ಟು ಮುಟ್ಟುತ್ತಿದ್ದ ಗುಳಿ. ಅದರಿಂದ ಕೆನ್ನೆಗೆ, ಕೆನ್ನೆಯಿಂದ ಗಲ್ಲಕ್ಕೆ, ಕತ್ತಲಲ್ಲಿ ಗುರುತು ಹಿಡಿದು ನಡೆದ ದಾರಿಯಂತೆ, ಇಡೀ ಮುಖ ಒಂದೊಂದಾಗಿ ಅವರೆದುರು ಸೇರಿಕೊಂಡಿತು. ಹೊಡೆಯಲು ಬಂದವರನ್ನು ನೋಡುವಂತೆ ನೋಡುತ್ತಿದ್ದ ಆ ಕಣ್ಣು ವಿಮಲಾಳ ಕಣ್ಣು. ಬೆಳಗ್ಗೆಯಿಂದ ಬಾಯಾರಿದ ಬಾಯಿ ವಿಮಲಾಳ ಬಾಯಿ. ಅವರು ಅದನ್ನು ನೋಡಿ ಅಲ್ಲ ಎಂದಿದ್ದರು. ವಂದನೆಗಳು ಎಂದಿದ್ದರು.

ನಾಜಿಶ್ ಆ ನಂಬರಿಗೆ ಕರೆ ಮಾಡಿ ಸ್ಪೀಕರಿಗೆ ಹಾಕಿದಳು.

“ಹೌದು ಮೇಡಂ, ನಾನೇ ಕಳ್ಸಿದ್ದು,” ಎಂದಿತು ಪ್ರವೀಣನ ದನಿ. “ಸೀರೆ ಅಂಚು ಕೆಂಪಿತ್ತು ಅಂತ ಕಳ್ಸಿದೆ. ಅವ್ರು ಅಲ್ಲ ಅಂದ್ರಲ್ಲ. ಅಲ್ಲೀವರ್ಗೂ ಪಕ್ಕದಲ್ಲೇ ಕೂರಿಸ್ಕೊಂಡಿದ್ದೆ. ಎರಡು ಬಸ್ ಬಿಟ್ಟೆ. ಅಲ್ಲ ಅಂದ್ಮೇಲೆ... ನಂಗೂ ಶಿಫ್ಟ್ ಇತ್ತು ಮೇಡಂ. ಹತ್ಬಿಟ್ಟೆ.”

“ಅವ್ರು ಎಲ್ಲಿಗೆ ಹೋಗ್ಬೇಕು ಅಂತ ಏನಾದ್ರೂ ಹೇಳಿದ್ರಾ?”

“ಸ್ಕೂಲಿಗೆ ಹೋಗ್ಬೇಕು, ಬೆಲ್ ಆಗ್ಬಿಡತ್ತೆ ಅಂತಿದ್ರು. ಗರುಡಾಚಾರ್‌ಪಾಳ್ಯದ ಬಸ್ ಯಾವ್ದು ಅಂತ ಕೇಳ್ತಿದ್ರು. ಸಾರಿ ಮೇಡಂ. ನಿಜ್ವಾಗ್ಲೂ ಸಾರಿ.”

ಹಳೇ ಮದ್ರಾಸು ರಸ್ತೆಯಿಂದ ದಿನವೂ ಅವಳು ಹತ್ತುತ್ತಿದ್ದ ಬಸ್ಸು. ಬೆಳಗ್ಗೆ ಅವಳೇ ಹೇಳಿದ್ದಳು. ಆಗ ಅವರು ಬೆಳಕನ್ನು ನೋಡುತ್ತಿದ್ದರು.

ಮೆಟ್ರೋದಲ್ಲಿ ನಾಜಿಶ್ ಜೊತೆಗಿದ್ದಳು. ಇಂದಿರಾನಗರದಲ್ಲಿ ಗುಂಪು ಹತ್ತಿತು; ಯುವಕರು ಯುವತಿಯರು ಫೋನು ಎತ್ತಿ ತಮ್ಮನ್ನೇ ತೆಗೆದುಕೊಳ್ಳುತ್ತಿದ್ದರು, ನೇರವಾಗಿ, ಮುಖ ತುಂಬ. ಶಿವಶಂಕರಪ್ಪ ಕಂಬ ಹಿಡಿದು ನಿಂತಿದ್ದರು. ಸೀಟು ಬಿಟ್ಟುಕೊಟ್ಟವರನ್ನು ಅವರು ಗಮನಿಸಲಿಲ್ಲ. ಕೆಳಗಿನ ರಸ್ತೆ, ಅದರ ಮೇಲಿನ ಲಾರಿಗಳು, ಲಾರಿಗಳ ಎದುರು ದಾಟಲು ನಿಂತ ಒಂದೊಂದು ಪುಟ್ಟ ಆಕೃತಿ. ಇಷ್ಟು ಎತ್ತರದಿಂದ ಎಲ್ಲರೂ ಗೆರೆಗಳೇ.

ತೂಗುಸೇತುವೆಯ ಬುಡದ ಬಸ್‌ಸ್ಟಾಪಿನಲ್ಲಿ ಅವಳಿರಲಿಲ್ಲ. ಜನ, ಆಟೋ, ಧೂಳು, ಕಿವಿ ಕಿತ್ತುಹೋಗುವ ಹಾರನ್ನು. ಅವರು ಜೋಳ ಸುಡುತ್ತಿದ್ದವಳ ಮುಂದೆ ಪ್ರವೀಣನ ಚಿತ್ರವನ್ನು ಹಿಡಿದರು. ಅವಳು ಒಂದು ಸಲ ನೋಡಿದಳು.

“ಓ, ಈ ಅಮ್ಮಾನಾ? ನೀರ್ ಕೊಟ್ಟೆ ಕುಡೀಲಿಲ್ಲ. ಆ ಕಡೆ ಹೋಯ್ತು, ಮೆಟ್ಟಿಲು ಇಳ್ಕೊಂಡು.”

ಬೀಡಾ ಅಂಗಡಿಯವನು: “ರೈಲ್ವೆ ಸ್ಟೇಷನ್ ಕಡೆ. ಸಂಜೆ ಮುಂಚೆ.” ಆಟೋದವನು ತಮಿಳಿನಲ್ಲಿ ಏನೋ ಹೇಳಿ ಕೈತೋರಿಸಿದ. ಯಾರೂ ನಗಲಿಲ್ಲ, ಯಾರೂ ಎರಡನೆಯ ಸಲ ನೋಡಲಿಲ್ಲ. ಶಿವಶಂಕರಪ್ಪ ಆ ಚಿತ್ರವನ್ನು ಎದೆಯ ಮಟ್ಟದಲ್ಲಿ ಹಿಡಿದುಕೊಂಡೇ ಓಡಿದರು. ಒಂದು ಕಡೆ ಎಡವಿದರು. ನಾಜಿಶ್ ತೋಳು ಹಿಡಿದಳು. “ನಿಧಾನ ಅಂಕಲ್. ನೀವೂ ಬಿದ್ರೆ ನಾನು ಯಾರನ್ನ ಅಂತ ನೋಡ್ಕೊಳ್ಳಲಿ?” ಹಳಿಗಳ ಕಡೆಯಿಂದ ಒಂದು ಗಾಡಿ ಕೂಗುತ್ತ ಬಂತು. ಅದು ಹಾದುಹೋಗುವವರೆಗೆ ಅವರು ಉಸಿರಾಡಲಿಲ್ಲ.

ಪ್ಲಾಟ್‌ಫಾರಮ್ಮಿನ ತುದಿಯ ಬೆಂಚಿನ ಮೇಲೆ, ರೇವತಿ ಎಂಬ ಹೆಸರುಪಟ್ಟಿಯ ಒಬ್ಬ ಮಹಿಳಾ ಕಾನ್‌ಸ್ಟೇಬಲ್ಲಿನ ಪಕ್ಕದಲ್ಲಿ, ವಿಮಲಾಕ್ಷಿ ಕುಳಿತಿದ್ದಳು. ಒಂದು ಚಪ್ಪಲಿ ಇರಲಿಲ್ಲ. ಕೈಯಲ್ಲಿ ಬಿಸ್ಕತ್ತಿತ್ತು, ಕಚ್ಚಿರಲಿಲ್ಲ.

“ವಿಮಲಾ!”

ಅವಳು ಬೆಚ್ಚಿ ಕಾನ್‌ಸ್ಟೇಬಲ್ಲಿನ ಕಡೆ ಸರಿದಳು. ರೇವತಿ ಎದ್ದು ನಡುವೆ ನಿಂತಳು.

“ಸ್ವಲ್ಪ ಇರಿ ಸಾರ್. ಯಾರು ನೀವು?”

“ನಾನು... ಇವಳ ಗಂಡ.”

“ಅಮ್ಮಾ, ಇವ್ರು ಗೊತ್ತಾ ನಿಮಗೆ?”

ವಿಮಲಾಕ್ಷಿ ಬಹಳ ಹೊತ್ತು ನೋಡಿದಳು. ಅವಳ ಮುಖದ ಮೇಲೆ ಏನೋ ಹತ್ತಿರ ಬಂದು ಹಿಂದೆ ಹೋಗುತ್ತಿತ್ತು. “ಗೊತ್ತು,” ಎಂದಳು. ಶಿವಶಂಕರಪ್ಪ ಒಂದು ಹೆಜ್ಜೆ ಮುಂದಿಟ್ಟರು.

“ಫೋಟೋ ತೆಗೆಯೋರು.”

“ನಿಮ್ಮ ಯಜಮಾನ್ರಲ್ವಾ?”

“ನಮ್ಮನೆಯೋರು ಮನೇಲಿ ಕಾಯ್ತಿರ್ತಾರೆ. ಸ್ಕೂಲ್ ಬಿಟ್ಮೇಲೆ ನಾನೇ ಹೋಗ್ತೀನಿ.”

ರೇವತಿ ಮೃದುವಾಗಿಯೇ ಕೇಳಿದಳು: “ಬೇಜಾರು ಮಾಡ್ಕೋಬೇಡಿ ಸಾರ್. ಇವ್ರು ಅಲ್ಲ ಅಂತಿದ್ದಾರೆ. ಇಬ್ರೂ ಒಟ್ಟಿಗಿರೋ ಫೋಟೋ ಏನಾದ್ರೂ ಇದ್ಯಾ?”

ಅವರು ಫೋನನ್ನು ನೋಡಿದರು. ತೆರೆಯಲಿಲ್ಲ.

ಅಷ್ಟರಲ್ಲಿ ಹಿಂದೆ ಉಳಿದಿದ್ದ ನಾಜಿಶ್ ಏದುಸಿರಿನಿಂದ ಬಂದಳು. “ಆಂಟಿ!” ವಿಮಲಾಕ್ಷಿಯ ಬಾಯಿ ಅಗಲವಾಯಿತು. “ಚಾಂದ್ ಬೀ ಮಗಳಲ್ವೇನೇ? ನೀನೂ ಸ್ಕೂಲಿಗೆ ಬಂದಿದ್ಯಾ?” ಎಂದು ಬಿಸ್ಕತ್ತನ್ನು ಅವಳ ಕೈಗಿಟ್ಟಳು. ರೇವತಿಗೆ ಅಷ್ಟು ಸಾಕಾಯಿತು. ಇಬ್ಬರ ಆಧಾರಿನ ವಿಳಾಸ ನೋಡಿದಳು, ಠಾಣೆಗೆ ಫೋನು ಮಾಡಿದಳು, ನಾಜಿಶಳ ನಂಬರು ಬರೆದುಕೊಂಡಳು. ಗಂಡನ ನಂಬರನ್ನು ಆಮೇಲೆ ಕೇಳಿದಳು.

ಮರಳುವ ಮೆಟ್ರೋದಲ್ಲಿ ಹೆಂಗಸರಿಬ್ಬರೂ ಕುಳಿತರು. ಶಿವಶಂಕರಪ್ಪ ಎದುರಿಗೆ, ಮೇಲಿನಿಂದ ತೂಗುವ ಪಟ್ಟಿ ಹಿಡಿದು ನಿಂತರು. ಬೈಯಪ್ಪನಹಳ್ಳಿ ದಾಟುವಾಗ ವಿಮಲಾಕ್ಷಿ ತಲೆಯೆತ್ತಿ ನೋಡಿದಳು.

“ಪಾಪ, ವಯಸ್ಸಾದೋರು ನಿಂತಿದ್ದೀರಲ್ಲ. ಬನ್ನಿ, ಕೂತ್ಕೊಳ್ಳಿ.” ಅವಳು ಸರಿದು ಜಾಗ ಮಾಡಿದಳು. ಅವರು ಕುಳಿತರು. “ಮನೇಲಿ ಯಾರ್ ಯಾರಿದ್ದಾರೆ?”

“ಹೆಂಡ್ತಿ ಇದ್ದಾಳೆ.”

“ಹೌದಾ? ನೋಡೋಕೆ ಹೇಗಿದ್ದಾರೆ?”

ಆಚೆ ಬದಿಯಲ್ಲಿ ನಾಜಿಶ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಬೋಗಿಯ ಬಿಳಿ ಬೆಳಕು ಯಾವುದನ್ನೂ ಮುಚ್ಚದೆ ಎಲ್ಲರ ಮೇಲೂ ಬಿದ್ದಿತ್ತು. ಶಿವಶಂಕರಪ್ಪ ಅವಳ ಕಡೆ ಪೂರ್ತಿ ತಿರುಗಿದರು.

“ಸಿಡುಬು ಆಗಿತ್ತು ಚಿಕ್ಕೋಳಿದ್ದಾಗ,” ಎಂದರು. “ಮೂಗಿನ ಪಕ್ಕ ಒಂದು ಗುಳಿ ಇದೆ, ಎಡಗಡೆ. ಅದು ದೊಡ್ಡದು. ಕೆನ್ನೆ ಮೇಲಿನವು ಸಣ್ಣವು. ಹುಬ್ಬು ಒಂದು ಕಡೆ ತೆಳ್ಳಗಾಗಿದೆ. ಬಾಯಿ ಹತ್ತಿರ ಎರಡು ಗೆರೆ. ನಕ್ಕರೆ ಮೂರಾಗತ್ತೆ.”

“ಆಮೇಲೆ?”

“ಕಣ್ಣು...” ಎಂದು ಅವರು ಬಗ್ಗಿ ನೋಡಿದರು.

ಅವಳು ಕಾಯುತ್ತಿದ್ದಳು.